ಸಣ್ಣ ಸೋರಿಕೆ

ಕೆಮ್ಮು ನಿಂತದ್ದರಿಂದಲೇ ಮಾಲತೇಶನಿಗೆ ಎಚ್ಚರವಾಯಿತು. ಅವನು ದುಡಿಯುವ ಗ್ಯಾಸಿನ ಸ್ಟೇಷನ್ನಿನಲ್ಲೂ ಹಾಗೆಯೇ. ಪೈಪಿನ ಗ್ಯಾಸನ್ನು ಮುಂದಿನ ಊರುಗಳಿಗೆ ದೂಡುವ ಆ ದೊಡ್ಡ ಕಂಪ್ರೆಸರುಗಳು ಹಗಲೂ ರಾತ್ರಿ ಒಂದೇ ಸಮ ಗುಂಯ್‌ಗುಡುತ್ತಿರುವಾಗ ಅವುಗಳ ಮಗ್ಗುಲಲ್ಲೇ ಕ್ವಾರ್ಟರ್ಸಿನ ಮಂದಿ ಮೈಮರೆತು ಮಲಗಿರುತ್ತಾರೆ. ಒಂದು ನಿಂತಿತೆಂದರೆ ಎಲ್ಲರೂ ಎದ್ದು ಕೂತು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅವನೂ ಎದ್ದು ಕೂತ. ಇದು ಗುಜರಾತಲ್ಲ, ತನ್ನೂರು ಬ್ಯಾಡಗಿ ಎಂಬುದು ತಿಳಿಯಲು ತುಸು ಹೊತ್ತು ಹಿಡಿಯಿತು. ಮಾಡಿನ ತಗಡಿನ ತೂತಿನಿಂದ ಇಳಿದ ಬಿಸಿಲಕೋಲಿನೊಳಗೆ ಮೆಣಸಿನಕಾಯಿಯ ಕೆಂಪು ಧೂಳು ಅವಸರವಿಲ್ಲದೆ ಮೇಲೇರುತ್ತಿತ್ತು. ಹಿತ್ತಲಲ್ಲಿ ನೀರೊಲೆಯ ಮುಂದೆ ಸುನಿತಾ ಸೆರಗನ್ನು ಉಂಡೆ ಮಾಡಿ ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅವಳ ಬೆನ್ನು ಮಾತ್ರ ಕುಲುಕುತ್ತಿತ್ತು, ಸದ್ದಿರಲಿಲ್ಲ. ಗಂಡ ಬಾಗಿಲಲ್ಲಿ ನಿಂತದ್ದು ಕಂಡು ಸೆರಗು ಇಳಿಸಿ ನಕ್ಕಳು.

"ಎದ್ದಬಿಟ್ರೇನು? ಇನ್ನಷ್ಟ ಮಲಗಬೇಕಿಲ್ಲ. ನಾಳೆ ಮತ್ತ ರೈಲಿನಾಗ ಕುಂತ ತೂಕಡಸೂದ ಐತಿ."

"ಇವತ್ತ ಹಾವೇರಿಗೆ ಹೋಗೂದೈತಿ, ನೆನಪೈತಿಲ್ಲ?"

"ಯಾಕ್ರಿ ಸುಮ್ನ? ಈ ಊರಾಗ ಕೆಮ್ಮಲಾರದವ್ರು ಯಾರದಾರ? ಮಾರ್ಕೆಟ್ಟಿಗೆ ಬಂದ ಎತ್ತಗೋಳೂ ಕೆಮ್ಮತಾವ."

ಅದು ಸುಳ್ಳಲ್ಲ. ಶಿವರಾತ್ರಿಯ ಆಜುಬಾಜು ಬ್ಯಾಡಗಿಯಲ್ಲಿ ಕೆಮ್ಮನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ಮಾರ್ಕೆಟ್ಟಿನ ದಿನ ಬಸ್ಸಿಳಿದ ಹೊಸಬರು ಮೂಗಿಗೆ ಟವೆಲ್ಲು ಕಟ್ಟಿಕೊಂಡರೆ ಊರಿನವರಿಗೆ ನಗೆ. ಸುನಿತಾ ಬೆಳಗಾದರೆ ಒಬ್ಬ ವ್ಯಾಪಾರಿಯ ಅಂಗಳಕ್ಕೆ ಹೋಗಿ, ಗುಡ್ಡದಂತೆ ಸುರಿದ ಮೆಣಸಿನಕಾಯಿಯ ಬುಡದಲ್ಲಿ ಬೇರೆ ಹೆಂಗಸರ ಜೊತೆ ಕೂತು ತುಂಬು ಬಿಡಿಸುತ್ತಾಳೆ. ಒಣಗಿದ ತೊಟ್ಟನ್ನು ಉಗುರಿನಿಂದ ಚಿವುಟಿ ಒಂದು ಕಡೆ, ಕಾಯಿ ಇನ್ನೊಂದು ಕಡೆ. ಸಂಜೆ ಎಷ್ಟು ತಿಕ್ಕಿ ತೊಳೆದರೂ ಬೆರಳಿನ ಉರಿ ಹೋಗುವುದಿಲ್ಲ, ತಲೆ ಬಾಚಿಸಿಕೊಳ್ಳುವಾಗ ಮಗಳು ಚೀರುತ್ತಾಳೆ. ಇಂಥ ಊರಿನಲ್ಲಿ ಹೆಂಡತಿಯ ಕೆಮ್ಮು ಮೊದಲು ಕಿವಿಗೆ ಬಿದ್ದ ರಜೆಯಲ್ಲಿ ಮಾಲತೇಶ "ಸೀಜನ್ ಮುಗೀಲಿ, ತಾನ ಹೋಗತೈತಿ" ಅಂದಿದ್ದ. ಸೀಜನ್ ಮುಗಿದ ಮೇಲೆ ಬಂದಾಗ "ಮಳಿ ಥಂಡಿ" ಅಂದ. ದೀಪಾವಳಿಗೆ ಬಂದಾಗ "ಮುಂದಿನ ಸಲ ಖರೇನ ತೋರಸೂಣು" ಅಂದ. ಆ ಮುಂದಿನ ಸಲ ಇದು. ಇದರ ಕಡೆಯ ದಿನ ಇವತ್ತು.

ಮುಖ ತೊಳೆಯುವಾಗ ಅಂಗೈಯಲ್ಲಿ ಸೋಪಿನ ನೊರೆ ಗುಳ್ಳೆ ಕಟ್ಟಿತು. ಅವನು ತೊಳೆಯುವುದನ್ನು ಬಿಟ್ಟು ಅದನ್ನೇ ನೋಡಿದ. ಸೋಪುನೀರಿನ ಬಾಟಲಿ, ಒಂದು ಬ್ರಶ್ಶು: ಅವನ ಕೆಲಸದ ಸಾಮಾನು ಇಷ್ಟೇ. ಪೈಪು ಪೈಪು ಕೂಡುವಲ್ಲಿ, ವಾಲ್ವಿನ ಕುತ್ತಿಗೆಯಲ್ಲಿ, ನಟ್ಟಿನ ಸುತ್ತ ನೊರೆ ಬಳಿದು ಕಾಯಬೇಕು. ಒಳಗಿನ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ವಾಸನೆ ಬೆರೆಸುವುದು ಮುಂದೆ ಊರು ಹೊಕ್ಕ ಮೇಲೆ. ಸೋರಿದ್ದು ತಿಳಿಯುವುದು ಗುಳ್ಳೆ ಎದ್ದರೆ ಮಾತ್ರ. ಹೆಬ್ಬೆರಳಿಗಿಂತ ದೊಡ್ಡ ಗುಳ್ಳೆಯಾದರೆ ಗುರುತಿಗೆ ಕೆಂಪು ತಗಡಿನ ಬಿಲ್ಲೆ ಕಟ್ಟು, ತಕ್ಷಣ ರಿಪೇರಿ. ಅದಕ್ಕಿಂತ ಸಣ್ಣದಕ್ಕೆ ಹಳದಿ. ಉಗುರಿಗಿಂತ ಸಣ್ಣದಕ್ಕೆ ಬಿಳಿ. ಅಂದರೆ ಸದ್ಯ ಇರಲಿ, ಕಣ್ಣಿಟ್ಟಿರು, ಮುಂದೆ ಯಾವಾಗಾದರೂ ಸ್ಟೇಷನ್ನು ಪೂರಾ ಬಂದು ಮಾಡಿದಾಗ ನೋಡೋಣ. ಸ್ಟೇಷನ್ನು ಪೂರಾ ಬಂದಾಗುವುದೇ ಇಲ್ಲ. ಬಿಳಿ ತಗಡುಗಳು ಬಿಸಿಲಿಗೆ ಸವೆದು, ಗಾಳಿಗೆ ಟಣಟಣ ಬಡಿದುಕೊಳ್ಳುತ್ತ, ಯಾವ ಹಬ್ಬಕ್ಕೋ ಕಟ್ಟಿ ಬಿಚ್ಚಲು ಮರೆತ ತೋರಣದ ಹಾಗೆ ನೇತಾಡುತ್ತಿರುತ್ತವೆ. ಕಟ್ಟಿದವನು ಅವನು. ಹಾಯುವಾಗ ಭುಜಕ್ಕೆ ತಗುಲಿದರೆ ಅತ್ತ ಸರಿಸಿ ಹೋಗುವವನೂ ಅವನೇ.

ದೀಪಾವಳಿ ರಜೆಯಲ್ಲಿ ಇದೇ ಮನೆಯ ಅಡಿಗೆ ಸಿಲಿಂಡರಿಗೂ ಅವನು ಸೋಪಿನ ನೊರೆ ಬಳಿದಿದ್ದ. ರೆಗ್ಯುಲೇಟರಿನ ಬುಡದಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದಿತ್ತು. "ಸಿಲಿಂಡರಿಗೆ ಎಣ್ಣಿ ನೀರು ಹಾಕಾಕತ್ತಾನ ನಿಮ್ಮಪ್ಪ!" ಎಂದು ಸುನಿತಾ ಮಗಳಿಗೆ ತೋರಿಸಿ ನಕ್ಕಿದ್ದಳು. ಅವನು ಪೇಟೆಗೆ ಹೋಗಿ ಹೊಸ ವಾಶರು ತಂದು ಕೂರಿಸಿ, ಮತ್ತೆ ನೊರೆ ಬಳಿದು, ಗುಳ್ಳೆಯಿಲ್ಲದ್ದನ್ನು ಇಬ್ಬರಿಗೂ ತೋರಿಸಿ ಹೆಮ್ಮೆಯಿಂದ ಕೈ ತೊಳೆದುಕೊಂಡಿದ್ದ. ಹಾಗೆ ತೊಳೆದುಕೊಳ್ಳುವಾಗ ಬೆನ್ನ ಹಿಂದೆ ಅವಳು ಕೆಮ್ಮಿದ್ದಳೇ? ಕೆಮ್ಮಿರಲೇಬೇಕು. ಅವನಿಗೆ ನೆನಪಿರಲಿಲ್ಲ. ಈ ನೆನಪಿಲ್ಲದ್ದು ಅವನನ್ನು ಹಲ್ಲಿನ ಸಂದಿಯ ನಾರಿನ ಹಾಗೆ ಕಾಡತೊಡಗಿತು.

ಮಗಳನ್ನು ನೋಡಿಕೊಳ್ಳಲು ಪಕ್ಕದ ಮನೆಯ ಜೈತೂನಬಿ ಬಂದಳು. ಸುನಿತಾ ಕೂರುವ ಅಂಗಳದಲ್ಲೇ ಅವಳೂ ತುಂಬು ಬಿಡಿಸುವವಳು. ವಯಸ್ಸಾದವಳು, ಆದರೆ ಬಾಯಿಗೆ ವಯಸ್ಸಾಗಿಲ್ಲ.

"ಏನಪಾ ಮಾಲತೇಶಾ, ಹೆಂಡತೀನ ಹಾವೇರಿ ತಿರುಗಸಾಕ ಒಯ್ಯಾಕತ್ತೀಯಂತ? ಸಿನೇಮಾ ಗಿನೇಮಾ ತೋರಸ್ತೀಯೋ, ಬರೇ ದವಾಖಾನಿಯೋ?"

"ಮೊದಲ ದವಾಖಾನಿ ಆಗ್ಲಿ, ಅಮ್ಮಾ."

"ಹಾಂ, ಆಗ್ಲಿ, ಆಗ್ಲಿ" ಎಂದವಳು ಸುನಿತಾಳ ಮುಖ ನೋಡಿದಳು. ಸುನಿತಾ ಸೀರೆಯ ನಿರಿಗೆ ಸರಿಮಾಡಿಕೊಳ್ಳಲು ಬಗ್ಗಿದಳು. ಜೈತೂನಬಿ ಅಂಗಳದಲ್ಲಿ ಆಡುತ್ತಿದ್ದ ಹುಡುಗಿಯ ಹತ್ತಿರ ಹೋಗಿ ಕೂತಳು. ಹುಡುಗಿ ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ಅದರ ಬೆನ್ನು ತಟ್ಟುತ್ತಿದ್ದಳು. ಬಗ್ಗಿ, ಗೊಂಬೆಯ ಪರವಾಗಿ ತಾನೇ ಎರಡು ಸಲ ಕೆಮ್ಮಿ, "ಸುಮ್ನಿರವಾ, ಅಪ್ಪ ಅದಾನ, ಕೇಳತಾನ" ಎಂದು ಅದರ ಬಾಯಿಗೆ ಬಟ್ಟೆ ಇಟ್ಟಳು. ಮಾಲತೇಶ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದವನು ಒಂದು ಕಾಲಿನ ಮೇಲೆ ಹಾಗೇ ನಿಂತ. ಆಮೇಲೆ ಇನ್ನೊಂದನ್ನೂ ಮೆಟ್ಟಿದ.

ಮೋಟೆಬೆನ್ನೂರು ದಾಟಿ ಬಸ್ಸು ಹೆದ್ದಾರಿ ಹತ್ತಿದ ಮೇಲೆ ಸುನಿತಾಗೆ ಕಿಟಕಿಯ ಗಾಳಿ ಹಿತವಾಯಿತು. ಇಲ್ಲವೇ ಹಿತವಾದವಳ ಹಾಗೆ ಕೂತಳು. ಮುಂದೆ ಹೋಗುತ್ತಿದ್ದ ಲಾರಿಯ ಹೊಗೆ ಕರ್ರಗೆ ಸುರುಳಿ ಸುತ್ತಿ ಏರುತ್ತಿದ್ದುದನ್ನು ಅವನು ಕಣ್ಣು ಕೀಳದೆ ನೋಡಿದ. ಹೋದ ವರ್ಷ ಹೊರದೇಶದಿಂದ ಒಂದು ತಂಡ ಕ್ಯಾಮರಾ ತಂದಿತ್ತು. ಪೈಪಿನಿಂದ ಸೋರುವ ಗ್ಯಾಸನ್ನು ಕಡಿಮೆ ಮಾಡುವುದು ಹೇಗೆಂದು ತೋರಿಸಲು ಬಂದವರು. ಅವರು ಬರುವ ಮುನ್ನಾದಿನ ಶಿಫ್ಟಿನ ಸಾಹೇಬರು ಮಾಲತೇಶನನ್ನು ಕರೆದು, ತಗಡು ಎಲ್ಲ ಬಿಚ್ಚಿಡು, ಸ್ಟೇಷನ್ನು ಚೆಂದ ಕಾಣಲಿ ಅಂದರು. ಅವನು ಗೋಣಿಚೀಲ ಹಿಡಿದು ಒಂದೊಂದೇ ಬಿಚ್ಚಿ ತುಂಬಿಕೊಂಡ. ಮರುದಿನ ಕಣ್ಣಿಗೆ ಕಾಣದ್ದನ್ನು ಕಾಣುವ ಆ ಕ್ಯಾಮರಾವನ್ನು ಒಬ್ಬೊಬ್ಬರೂ ಇಣುಕಿ ನೋಡಿದರು. ಅವನ ಸರದಿಯೂ ಬಂತು. ಬೂದುಬಣ್ಣದ ಚಿತ್ರದಲ್ಲಿ ಅವನದೇ ಸ್ಟೇಷನ್ನು. ಹೊಸ ಬಣ್ಣ ಹೊಡೆದ ಒಂದೊಂದು ವಾಲ್ವಿನಿಂದಲೂ ಕರಿಯ ಹೊಗೆ ಊದುಬತ್ತಿಯ ಎಳೆಯಂತೆ ಏಳುತ್ತಿತ್ತು. ಬಿಳಿ ತಗಡು ಕಟ್ಟಿದ್ದ ಜಾಗ ಒಂದೊಂದೂ ಅವನಿಗೆ ಬಾಯಿಪಾಠ, ಅಲ್ಲೆಲ್ಲ ಹೊಗೆ. ತಾನು ತಗಡು ಕಟ್ಟದೆ ಬಿಟ್ಟ ಕಡೆಯೂ ಹೊಗೆ. ನೆರಳಿದೆಯೆಂದು ದಿನಾ ಬುತ್ತಿ ಬಿಚ್ಚಿ ಕೂರುತ್ತಿದ್ದ ಮೂಲೆಯಂತೂ ಹೊಗೆಯೊಳಗೆ ಮುಳುಗಿಯೇ ಹೋಗಿತ್ತು. ಈ ಸ್ಟೇಷನ್ನಿನ ತಪಾಸಣೆ ಯಾರದು ಎಂದು ಬಂದವರಲ್ಲೊಬ್ಬ ಕೇಳಿದ. ಮಾಲತೇಶ ಸಾಲಿಯ ಹುಡುಗನ ಹಾಗೆ ಕೈ ಎತ್ತಿದ. ಆತ ಬೈಯಲಿಲ್ಲ. ನಕ್ಕು, ತಲೆಯಾಡಿಸಿ, ಬೇರೆ ಕಡೆ ತಿರುಗಿದ. ಬೈದಿದ್ದರೆ ಮರೆಯಬಹುದಿತ್ತು.

ಬಂದವರು ಇನ್ನೂ ಒಂದು ಹೇಳಿದ್ದರು. ಪೈಪಿನ ಒಂದು ತುಂಡನ್ನು ರಿಪೇರಿ ಮಾಡುವ ಮುಂಚೆ ಅದರೊಳಗಿನ ಗ್ಯಾಸನ್ನು ಮುಂದಿನ ತುಂಡಿಗೆ ದೂಡಿಕೊಳ್ಳಿ, ಮುಗಿಲಿಗೆ ಬಿಡಬೇಡಿ ಅಂತ. ಸಾಹೇಬರು ಹೌದು ಹೌದು ಅಂದರು. ದೂಡಲು ಹೊತ್ತು ಹಿಡಿಯುತ್ತದೆ, ಬಿಡುವುದು ಕ್ಷಣದ ಕೆಲಸ. ತಂಡ ಹೋದ ಮುಂದಿನ ವಾರವೇ ಗ್ಯಾಸನ್ನು ಮುಗಿಲಿಗೆ ಬಿಡುವ ವಾಲ್ವಿನ ಚಕ್ರ ತಿರುಗಿಸಿದ್ದು ಮಾಲತೇಶನ ಕೈ. ಎತ್ತರದ ಕೊಳವೆಯ ಬಾಯಿಂದ ಗ್ಯಾಸು ಭೋರೆಂದು ಮೇಲೆದ್ದಿತು, ನೆಲ ನಡುಗಿತು, ಬೇಲಿಯ ಹಕ್ಕಿಗಳು ಒಮ್ಮೆಲೇ ಎದ್ದು ಹೋದವು. ಮುಗಿಲು ಮಾತ್ರ ತೊಳೆದಿಟ್ಟಂತೆ ನೀಲಿ. ಅಷ್ಟು ದೊಡ್ಡದು ಹೋಗುತ್ತಿದೆ, ಕಾಣುವುದು ಏನೂ ಇಲ್ಲ. ಇದನ್ನೆಲ್ಲ ಅವನು ದೀಪಾವಳಿಯಲ್ಲಿ ಹೆಂಡತಿಗೆ ತಮಾಷೆಯಾಗಿ ಹೇಳಿದ್ದ, ಚೀಲದೊಳಗೆ ಹೆದರಿದ ಇಲಿಗಳ ಹಾಗೆ ತಗಡುಗಳು ಸದ್ದು ಮಾಡಿದ್ದನ್ನೂ ಸೇರಿಸಿ.

"ಮ್ಯಾಲ ಹೋಗಿ ಅದು ಏನ ಮಾಡತೈತ್ರಿ?" ಎಂದು ಅವಳು ಕೇಳಿದ್ದಳು.

"ಕೌದಿ ಹೊಚ್ಚಿದಂಗ ಹೊಚಗೊಂಡ ಕುಂದ್ರತೈತಿ. ಭೂಮಿ ಝಳಾ ಹೊರಗ ಹೋಗಗೊಡೂದಿಲ್ಲ."

"ಅಯ್ಯ, ಅಂದ್ರ ನೀವು ಅಲ್ಲಿ ಬಿಟ್ಟಿದ್ದಕ್ಕ ನಾ ಇಲ್ಲಿ ಬೆವರತೇನಿ ಅನ್ರಿ!" ಎಂದು ನಕ್ಕು, ನಗೆ ಮುಗಿಯುವ ಮುಂಚೆಯೇ ಎದ್ದು ಹಿತ್ತಲಿಗೆ ಹೋಗಿದ್ದಳು. ಈಗ, ಲಾರಿಯ ಹೊಗೆಯ ಹಿಂದೆ ಕೂತು, ಅವಳು ಯಾಕೆ ಎದ್ದು ಹೋಗಿದ್ದಳೆಂದು ಅವನಿಗೆ ತಿಳಿಯಿತು.

ಹಾವೇರಿಯ ಡಾಕ್ಟರು ಎದೆಯ ಫೋಟೋ ತೆಗೆಸಿ ತರಿಸಿ, ಬೆಳಕಿನ ಪೆಟ್ಟಿಗೆಗೆ ಸಿಗಿಸಿ, ಕನ್ನಡಕವನ್ನು ಹಣೆಗೇರಿಸಿ ನೋಡಿದರು. ಆಮೇಲೆ ಫೋಟೋ ಬಿಟ್ಟು ಸುನಿತಾಳ ಮುಖ ನೋಡಿದರು.

"ಹೋದ ಮಳಿಗಾಲದಾಗ ಬಂದಿದ್ರಿ ಅಲ್ಲವಾ ನೀವು? ಸಂಗಾತ ಒಬ್ಬಾಕಿ ವಯಸ್ಸಾದ ಹೆಣ್ಣಮಗಳಿದ್ಲು. ನನಗ ಜೋರ ಮಾಡಿದ್ಲು, ಫೀ ಭಾಳ ತಗೋತೀರಿ ಅಂತ."

ಜೈತೂನಬಿ ಎಂದು ಮಾಲತೇಶನೊಳಗೆ ಯಾರೋ ಹೇಳಿದರು. ತಾನು ಕೂತ ಸ್ಟೂಲಿನ ಒಂದು ಕಾಲು ಗಿಡ್ಡವಿತ್ತು. ಅದನ್ನು ಅವನು ಅತ್ತಿತ್ತ ಒತ್ತಿ ನೋಡಿದ. ಆ ಹೊತ್ತಿನಲ್ಲಿ ಅದೊಂದೇ ಸರಿಪಡಿಸಬಹುದಾದ ವಸ್ತು ಎಂಬಂತೆ.

"ಅವತ್ತ ಹೇಳಿದ್ದೆ, ಆ ಧೂಳಿನ ಕೆಲಸಾ ಬಿಡ್ರಿ ಅಂತ. ಆಗ ಇಷ್ಟ ಇತ್ತು." ಡಾಕ್ಟರು ತಮ್ಮ ಹೆಬ್ಬೆರಳಿನ ಉಗುರನ್ನು ತೋರಿಸಿದರು. "ಈಗ ನೋಡ್ರಿ, ನೀವ ನೋಡ್ರಿ ಯಜಮಾನ್ರ."

ಅವನು ನೋಡಿದ. ಕರಿಯದೆಲ್ಲ ಗಾಳಿ ಆಡುವ ಜಾಗ, ಬೆಳ್ಳಗಿನದು ಗಾಳಿ ಹೋಗದ ಜಾಗ ಎಂದು ಡಾಕ್ಟರು ಬೆರಳಿಟ್ಟು ವಿವರಿಸಿದರು. ಪಕ್ಕೆಲುಬುಗಳ ಕೆಳಗೆ ಎರಡೂ ಕಡೆ ಬೆಳ್ಳಗೆ ಮಂಜು ಕವಿದಿತ್ತು. ಈ ಸಲ ಕ್ಯಾಮರಾ ಹಿಡಿದವರಾರೂ ನಗಲಿಲ್ಲ. ಉಗುರಿನಷ್ಟು, ಉಗುರಿಗಿಂತ ಸಣ್ಣದಕ್ಕೆ ಬಿಳಿ, ಉಗುರಿಗಿಂತ ಸಣ್ಣದಕ್ಕೆ ಬಿಳಿ ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು.

"ಔಷಧಾ ಕೊಟ್ರ ಇದು ಕರಗತೈತೇನ್ರಿ?" ಎಂದು ಕೇಳಿದ್ದು ತನ್ನದೇ ದನಿ.

"ಇಲ್ರಿ. ಗಟ್ಟಿ ಆದ ಪುಪ್ಪಸ ಮತ್ತ ಮೆತ್ತಗ ಆಗೂದಿಲ್ಲ. ಉಳದದ್ದನ್ನ ಉಳಿಸಿಕೊಬೇಕು ಅಷ್ಟ. ಊರ ಬಿಟ್ಟ ಇರಾಕ ಬರತಿದ್ರ ಛಲೋ. ಹೊಲ, ನೀರು ಇದ್ದ ಕಡೆ. ತವರಮನಿ ಎಲ್ಲವಾ ನಿಮ್ಮದು?"

"ಮೇಡ್ಲೇರಿ" ಅಂದಳು ಸುನಿತಾ.

"ಹೊಳಿ ದಂಡಿ! ಅಲ್ಲೇ ಹೋಗಿ ಇರ್ರಿ ಮತ್ತ" ಎಂದು ಡಾಕ್ಟರು ಹಗುರಾಗಿ ಹೇಳಿ, ಮುಂದಿನವರನ್ನು ಒಳಗೆ ಕಳಿಸುವಂತೆ ಬಾಗಿಲ ಕಡೆ ಸನ್ನೆ ಮಾಡಿದರು.

ಬಸ್‌ಸ್ಟ್ಯಾಂಡಿನಲ್ಲಿ ಅವನು ಕಬ್ಬಿನಹಾಲು ತಂದುಕೊಟ್ಟ. ಅವಳು ಕುಡಿಯುತ್ತಿರುವಾಗ ಫೋನು ಬಂತು. ಶಿಫ್ಟಿನ ಸಾಹೇಬರು. ಕ್ಯಾಮರಾದವರು ಈ ವಾರವೇ ಮತ್ತೆ ಬರುತ್ತಿದ್ದಾರೆ, ನಾಳೆ ಹೊರಟು ನೇರ ಡ್ಯೂಟಿಗೆ ಬಾ, ತಗಡು ಬಿಚ್ಚುವುದಿದೆ, ನಿನಗಲ್ಲದೆ ಬೇರೆಯವರಿಗೆ ಎಲ್ಲೆಲ್ಲಿವೆ ಎಂದು ಗೊತ್ತಾಗುವುದಿಲ್ಲ ಎಂದು ಹಿಂದಿಯಲ್ಲಿ, ಪ್ರೀತಿಯಿಂದಲೇ ಹೇಳಿದರು. ಮಾಲತೇಶ ಬಾಯಿ ತೆರೆದ. ಹೇಳಬೇಕಾದ ಮಾತು ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಸಾಹೇಬ್ರೇ, ಈ ಸಲ ಬಿಚ್ಚುವುದಿಲ್ಲ, ಅವು ಇದ್ದಲ್ಲಿಯೇ ಇರಲಿ, ಬಂದವರು ನೋಡಲಿ. ನನ್ನ ಹೆಂಡತಿಗೆ ಉಸಿರಿಲ್ಲ, ನಾನು ಬರುವುದೂ ಇಲ್ಲ. ಹಿಂದಿಯಲ್ಲಿ ಪುಪ್ಪಸಕ್ಕೆ ಏನೆನ್ನುತ್ತಾರೆ? ಅದು ತಟ್ಟನೆ ನೆನಪಾಗಲಿಲ್ಲ. ಅದನ್ನು ಹುಡುಕುವಷ್ಟರಲ್ಲಿ "ಹಾಂ ಸಾಬ್, ಹಾಂ ಸಾಬ್" ಎಂದು ಹೇಳಿ ಮುಗಿದಿತ್ತು. ಫೋನನ್ನು ಜೇಬಿಗಿಟ್ಟ ಮೇಲೆ ಶಬ್ದ ನೆನಪಾಯಿತು. ಗೊತ್ತಿಲ್ಲದ ಶಬ್ದವೇನಲ್ಲ. ಸುನಿತಾ ಗ್ಲಾಸಿನ ತಳದ ನೊರೆಯನ್ನು ನೋಡುತ್ತಿದ್ದಳು. ಅವಳಿಗೆ ಹಿಂದಿ ಬರದಿದ್ದರೂ 'ಹಾಂ ಸಾಬ್' ಬರುತ್ತಿತ್ತು.

ಮರಳುವ ಬಸ್ಸು ಅರ್ಧ ದಾರಿ ಬಂದಿತ್ತು.

"ಯಾಕ ಹೇಳಲಿಲ್ಲ ನನಗ?" ಅವನು ಕಿಟಕಿಗೆ ಹೇಳಿದಂತೆ ಹೇಳಿದ.

"ಯಾವಾಗ ಹೇಳ್ಲಿ? ನೀವು ಬರೂದ ನಾಕ ದಿನ. ಬಂದಾಗರೆ ಮನಿ ಚೆಂದ ಕಾಣ್ಲಿ ಅಂತ."

"ಅದಕ್ಕ ಮುಚ್ಚಿಡೂದೇನು ಸುನಿತಾ?"

"ನೀವ ಹೇಳಿದ್ರಲ್ರೀ, ಹೊರಗಿನವ್ರು ನೋಡಾಕ ಬರೂ ಮುಂದ ತಗಡ ಬಿಚ್ಚಿ ಚೀಲದಾಗ ತುಂಬತೀವಿ ಅಂತ. ದೀಪಾವಳಿಗೆ ನಾ ಹೇಳೂದ ಅಂತ ಮಾಡಿದ್ದೆ. ಮಳಿಗಾಲದಾಗ ತಗಸಿದ್ದ ಎದಿ ಫೋಟೋ ಕೈಯಾಗ ಹಿಡಕೊಂಡ ಕುಂತಿದ್ದೆ. ನೀವು ಆ ಕತಿ ತಗದ್ರಿ, ಎಷ್ಟ ನಕ್ರಿ. ನಾನೂ ನಕ್ಕೆ. ಆಮ್ಯಾಲ ಜೈತೂನಮ್ಮಾ ಕೈಯಾಗ ಕೊಟ್ಟ ಬಂದೆ, ನಿನ್ನ ಟ್ರಂಕಿನಾಗ ಇಟ್ಕೊ ಅಂತ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನು ಅವನು ಹುಡುಕಿದ, ಸಿಗಲಿಲ್ಲ.

'ಹೊರಗಿನವ್ರು' ಎಂಬ ಮಾತು ಅವರಿಬ್ಬರ ನಡುವೆ ಮೂರನೆಯವರಂತೆ ಸೀಟಿನಲ್ಲಿ ಕೂತಿತು. ಅವನು ವರ್ಷಕ್ಕೆ ಎರಡು ಮೂರು ಸಲ ಬ್ಯಾಗು ಹಿಡಿದು ಬಂದು, ಇಲ್ಲಿ ಗುಳ್ಳೆ ಅಲ್ಲಿ ಗುಳ್ಳೆ ಎಂದು ತೋರಿಸಿ, ವಾಶರು ಬದಲಿಸಿ ಹೋಗುವವನು. ಅವನು ಬರುತ್ತಾನೆಂದರೆ ಮನೆ ಸಾರಿಸುತ್ತಾರೆ. ಮಗಳಿಗೆ ಹೊಸ ಲಂಗ ತೊಡಿಸುತ್ತಾರೆ. ಕೆಮ್ಮನ್ನು ಬಿಚ್ಚಿ ಚೀಲದಲ್ಲಿ ತುಂಬಿ ಜೈತೂನಬಿಯ ಟ್ರಂಕಿನಲ್ಲಿಡುತ್ತಾರೆ.

"ನಾ ಹೋಗೂದಿಲ್ಲ ನಾಳೆ" ಎಂದ, ಸ್ವಲ್ಪ ಜೋರಾಗಿಯೇ. ಮುಂದಿನ ಸೀಟಿನವನು ತಿರುಗಿ ನೋಡಿದ.

"ಇಲ್ಲಿ ಇದ್ದ ಏನ್ ಮಾಡವ್ರು? ನನ್ನ ಮಗ್ಗಲಾ ಕುಂತ ತುಂಬ ಬಿಡಸವ್ರೇನು?" ಎಂದು ನಕ್ಕಳು. "ಜೈತೂನಮ್ಮಾ ಒಂದ ದಿನಾನೂ ಇಟಗೊಳೂದಿಲ್ಲ ನಿಮ್ಮನ್ನ. ಉಗುರ ಬೆಳಸಬೇಕಾಗತೈತಿ."

"ನೀನರೆ ಮೇಡ್ಲೇರಿಗೆ ಹೋಗು."

"ಅಣ್ಣನ ಮನಿಯಾಗ ಹಬ್ಬಕ್ಕ ಹೋದ್ರ ಸೀರಿ ಉಡಸ್ತಾರ. ಇರಾಕ ಹೋದ್ರ?" ಆಮೇಲೆ ಮೆಲ್ಲಗೆ, ಇವನನ್ನೇ ಸಮಾಧಾನಿಸುವವಳಂತೆ, "ಸೀಜನ್ ಮುಗೀಲಿ, ನೋಡೂಣು" ಅಂದಳು.

ಅದು ಅವನದೇ ಮಾತು. ತಿರುಗಿ ಬಂದಾಗ ಅದು ಎಷ್ಟು ಸಣ್ಣದಾಗಿತ್ತೆಂದರೆ ಅದಕ್ಕೆ ಉತ್ತರ ಕೊಡಲು ಅವನಿಗೆ ನಾಚಿಕೆಯಾಯಿತು. ಮೋಟೆಬೆನ್ನೂರಿನಲ್ಲಿ ಬಸ್ಸು ತಿರುಗುತ್ತಿದ್ದಂತೆ ಗಾಳಿ ಬದಲಾಯಿತು. ಬ್ಯಾಡಗಿ ಇನ್ನೂ ಕಾಣುತ್ತಿರಲಿಲ್ಲ, ಆದರೆ ಗಂಟಲು ಅದನ್ನು ಗುರುತಿಸಿತು. ಬಸ್ಸಿನಲ್ಲಿ ಮೊದಲು ಒಬ್ಬ, ಆಮೇಲೆ ಇನ್ನಿಬ್ಬರು, ಆಮೇಲೆ ಕಂಡಕ್ಟರು, ಎಲ್ಲರೂ ಕೆಮ್ಮತೊಡಗಿದರು. ಸುನಿತಾ ಒಬ್ಬಳೇ ಕೆಮ್ಮಲಿಲ್ಲ. ಮುಂದಿನ ಸೀಟಿನ ಕಂಬಿ ಹಿಡಿದ ಅವಳ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

ಮನೆಯಲ್ಲಿ ಜೈತೂನಬಿ ಹೊಸ್ತಿಲಲ್ಲೇ ಕೂತಿದ್ದಳು. ಸಿನೇಮಾದ ಮಾತು ಎತ್ತಲಿಲ್ಲ. ಮಾಲತೇಶ ಅವಳನ್ನು ಏನಾದರೂ ಕೇಳಬೇಕೆಂದು, ಬೈಯಬೇಕೆಂದು ಬಸ್ಸಿಳಿದಾಗಿನಿಂದ ಅಂದುಕೊಳ್ಳುತ್ತ ಬಂದಿದ್ದ. ಎದುರು ನಿಂತಾಗ ಬೈಯುವ ಹಕ್ಕಿರುವುದು ಅವಳಿಗೆ ಎಂಬುದು ಸ್ಪಷ್ಟವಾಯಿತು. ಅವಳೂ ಬೈಯಲಿಲ್ಲ. "ಹುಡುಗಿ ಉಂಡೈತಿ ನೋಡಪಾ" ಎಂದಷ್ಟೇ ಹೇಳಿ ಸೆರಗು ಕೊಡವಿಕೊಂಡು ಹೋದಳು. ಕೊಡವಿದ ಸೆರಗಿನಿಂದ ಎದ್ದ ಕೆಂಪು ಪುಡಿ ಸಂಜೆಬಿಸಿಲಿನಲ್ಲಿ ಕ್ಷಣಹೊತ್ತು ನಿಂತು, ಮೇಲೇರಿ, ಕಾಣದಾಯಿತು.

ಸುನಿತಾ ಅವನ ಬ್ಯಾಗನ್ನು ಮುಂದಿಟ್ಟುಕೊಂಡು ಕೂತಳು. ರಾಣೆಬೆನ್ನೂರಿನಿಂದ ರೈಲು, ಬೆಳಿಗ್ಗೆ ಇಲ್ಲಿಂದ ಲಗೂ ಹೊರಡಬೇಕು. ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ಮಡಚಿದ ಅಂಗಿಗಳು, ಒಂದೊಂದನ್ನೇ ಇಡುತ್ತಿದ್ದಳು. ಬೇಡವೆನ್ನಬೇಕೆಂದು ಅವನು ಗೋಡೆಗೆ ಒರಗಿ ನಿಂತೇ ಇದ್ದ. ಪ್ರತಿಸಲ ಇನ್ನೊಂದು ಅಂಗಿ ಇಡಲಿ, ಆಮೇಲೆ ಹೇಳಿದರಾಯಿತು ಅನ್ನಿಸುತ್ತಿತ್ತು. ಮನೆಯಲ್ಲಿ ಸದ್ದೇ ಇರಲಿಲ್ಲ. ಹೊರಗೆ ಓಣಿ ಕೆಮ್ಮುತ್ತಿತ್ತು, ಮಾರ್ಕೆಟ್ಟು ಕೆಮ್ಮುತ್ತಿತ್ತು, ಅಂಗಳದಲ್ಲಿ ಮಗಳ ಗೊಂಬೆ ಕೆಮ್ಮುತ್ತಿತ್ತು. ಇವಳು ಮಾತ್ರ ತುಟಿ ಬಿಗಿಹಿಡಿದು, ಕುತ್ತಿಗೆಯ ನರ ಉಬ್ಬಿಸಿಕೊಂಡು, ಅಂಗಿಯ ತೋಳನ್ನು ನಿಧಾನವಾಗಿ ಒಳಕ್ಕೆ ಮಡಚುತ್ತಿದ್ದಳು. ಅವನಿಗೆ ಆ ಸುಮ್ಮನಿರುವಿಕೆ ತಡೆಯಲಾಗಲಿಲ್ಲ. ಬಂದು ಅವಳ ಮಗ್ಗುಲಿಗೆ ಕುಕ್ಕರುಗಾಲಲ್ಲಿ ಕೂತ. ಅವಳ ಬೆನ್ನ ಮೇಲೆ ಕೈಯಿಟ್ಟ. ಅಂಗೈಯ ಕೆಳಗೆ ಏನೋ ಒಂದು ಹೊರಬರಲು ದಾರಿಯಿಲ್ಲದೆ ಒದ್ದಾಡುತ್ತಿತ್ತು.

"ಕೆಮ್ಮು ಸುನಿತಾ" ಅಂದ. "ನಾ ಏನೂ ಅನ್ನೂದಿಲ್ಲ. ಕೆಮ್ಮು."

ಅವಳು ತಲೆ ಅಲ್ಲಾಡಿಸಿದಳು. ಕಣ್ಣಿನ ತುಂಬ ನೀರು ಬಂದಿತ್ತು. ಬ್ಯಾಗಿನ ಜಿಪ್ಪನ್ನು ಕೊನೆಯತನಕ ಎಳೆದು, ಮೂಗಿನಿಂದ ಒಂದಿಷ್ಟು ಗಾಳಿ ಎಳೆದುಕೊಂಡು, ಆ ಗಾಳಿಯಲ್ಲಿ ಹಿಡಿಸುವಷ್ಟೇ ಮಾತು ಹೇಳಿದಳು:

"ನೀವು ಹೋದ ಮ್ಯಾಲ ಕೆಮ್ಮತೇನಿ, ತಡೀರಿ."